ಜೇಬಿನೊಳಗಿನ ಅಜ್ಜಿ

ಬಾವಿಯ ಹತ್ತಿರ ಬಂದಾಗ ಅವನ ಜೇಬಿನಲ್ಲಿದ್ದ ಅಜ್ಜಿ ಕೆಮ್ಮಿದಳು.

ನಗಬೇಡಿ. ಮೊದಲು ಆ ಕಿಟಕಿ ಹಾಕಿ... ಹಾಂ, ಸಾಕು. ಅಜ್ಜಿ ಅಂದರೆ ದೆವ್ವವಲ್ಲ. ಫೋನಿನ ಆ್ಯಪು. ಭವಿಷ್ಯ ಹೇಳುವ ಆ್ಯಪು. ತೆರೆಯ ಮೇಲೆ ಒಬ್ಬಳು ಬೊಂಬೆ ಅಜ್ಜಿ, ತಲೆಗೊಂದು ಬಟ್ಟೆ ಕಟ್ಟಿಕೊಂಡು ಗಾಜಿನ ಗೋಲದ ಮುಂದೆ ಕೂತಿರುತ್ತಾಳೆ. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾಳೆ, ಕ್ಹು... ಕ್ಹು... ಅಂತ. ನಿಜವಾದ ಮುದುಕಿ ಅನ್ನಿಸಲಿ ಅಂತ ಯಾರೋ ಪುಣ್ಯಾತ್ಮ ಕೂತು ಆ ಕೆಮ್ಮನ್ನು ರೆಕಾರ್ಡು ಮಾಡಿದ್ದಾನೆ. ಅದಕ್ಕೆ ಅವನಿಗೆ ಸಂಬಳ ಬೇರೆ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ. ಹೆದರಬೇಕಾದ್ದು ಆಮೇಲೆ ಬರುತ್ತದೆ.

ಇದು ನಮ್ಮ ಚಿಕ್ಕಪ್ಪನ ಮಗನಿಗೇ ಆದದ್ದು. ಅವರಿವರು ಹೇಳಿದ ಕತೆಯಲ್ಲ. ಅವನನ್ನು ಮನೆಯಲ್ಲಿ ಎಲ್ಲರೂ ಒಂಟಿಸ್ಟಾರು ಅಂತಲೇ ಕರೆಯುವುದು. ಅವನ ಕೆಲಸ ಹಾಗಿದೆ. ಹೊಸ ಹೊಸ ಆ್ಯಪುಗಳನ್ನು ಫೋನಿಗೆ ಇಳಿಸಿಕೊಂಡು, ಆಡಿಸಿ ನೋಡಿ, ಇದನ್ನು ನೀವು ಇಳಿಸಿಕೊಳ್ಳಬಹುದು, ಇದು ಬೇಡ ಅಂತ ಬರೆದು ಸ್ಟಾರು ಕೊಡಬೇಕು. ಐದರವರೆಗೂ ಕೊಡಬಹುದು. ಇವನು ಒಂದರ ಮೇಲೆ ಎರಡನೆಯದು ಕೊಟ್ಟಿದ್ದು ನಾನಂತೂ ನೋಡಿಲ್ಲ. ಚಿಕ್ಕಮ್ಮ ಚಹಾ ಕೊಟ್ಟರೂ ಒಂದು ಗುಟುಕು ಕುಡಿದು, "ಒಂದು ಸ್ಟಾರು," ಅನ್ನುತ್ತಿದ್ದ. ಚಿಕ್ಕಮ್ಮ ಸೌಟು ತೆಗೆದುಕೊಂಡು ಬರುತ್ತಿದ್ದರು.

ಅವನಿಗೆ ಆಫೀಸಿನಲ್ಲಿ ಒಮ್ಮೆ ಭವಿಷ್ಯ ಹೇಳುವ ಆ್ಯಪುಗಳನ್ನೇ ರಾಶಿ ಹಾಕಿದರು. ಕೈ ನೋಡುವವು, ಮುಖ ನೋಡುವವು, ಕನಸಿನ ಅರ್ಥ ಹೇಳುವವು. ಇವನ ಪರೀಕ್ಷೆಯ ರೀತಿಯೇ ಬೇರೆ. ಅಂಗೈಯ ಫೋಟೋ ತೆಗೆಯಿರಿ ಅಂತ ಆ್ಯಪು ಕೇಳಿದರೆ ಅಂಗೈಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೋರಿಸುತ್ತಿದ್ದ. ಬೂಟಿನ ತಳ ತೋರಿಸಿದ. ವಿದೇಶ ಪ್ರಯಾಣವಿದೆ, ಮದುವೆ ಯೋಗ ಹತ್ತಿರವಿದೆ ಅಂತು. ಪಾತ್ರೆ ತಿಕ್ಕುವ ಸ್ಪಂಜು ತೋರಿಸಿದ. ಇದು ಕಲಾವಿದರ ಕೈ ಅಂತು. ಆಫೀಸಿನ ಹರಿದ ಕುರ್ಚಿಯನ್ನು ತೋರಿಸಿದರೆ, ನೀವು ಬೇರೆಯವರ ಭಾರ ಹೊರುವುದನ್ನು ನಿಲ್ಲಿಸಿ ಅಂತ ಬುದ್ಧಿವಾದ ಹೇಳಿತು. ಇಡೀ ಆಫೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅಷ್ಟಾದರೂ ಸುಮ್ಮನೆ ಹೇಳುತ್ತದೆಯೇ? ಇಲ್ಲ. ನಿಮ್ಮ ಆಯುಷ್ಯ ತಿಳಿಯಲು ಈ ಜಾಹೀರಾತನ್ನು ಪೂರ್ತಿ ನೋಡಿ. ಕೂದಲೆಣ್ಣೆಯದು ಒಂದು, ಸಾಲ ಕೊಡುವವರದು ಒಂದು. ಅದನ್ನೆಲ್ಲ ನೋಡಿ ಮುಗಿಸುವಷ್ಟರಲ್ಲಿ ಇದ್ದ ಆಯುಷ್ಯವೂ ಅಷ್ಟು ಕಡಿಮೆ ಆಯಿತು ಅನ್ನಿ.

ಎಲ್ಲಕ್ಕಿಂತ ನಾಚಿಕೆಗೆಟ್ಟದ್ದು ಈ ಅಜ್ಜಿಯ ಆ್ಯಪು. ಅಂಗೈಯನ್ನೂ ನೋಡುತ್ತಿತ್ತು, ಇನ್ನು ಬಾಯಿಬಿಟ್ಟು ಏನು ಕೇಳಿದರೂ, "ನಾಳೆ ಬೇಡ ಮಗಾ, ಆಮೇಲೆ ಕೇಳು," ಅನ್ನುತ್ತಿತ್ತು. ಒಂಟಿಸ್ಟಾರು ಅದರ ಗುಟ್ಟು ಹಿಡಿದುಬಿಟ್ಟ. ಹೋಗು ಅಂದರೆ ಜನ ಎದ್ದು ಹೋಗಿಬಿಡುತ್ತಾರೆ. ಬೇಡ ಅಂದರೆ ಮನೆಯಲ್ಲೇ ಕೂರುತ್ತಾರೆ, ಕೂತವರು ಫೋನು ತೆಗೆಯುತ್ತಾರೆ, ಮತ್ತೆ ಕೇಳುತ್ತಾರೆ, ಮತ್ತೆ ಕೂದಲೆಣ್ಣೆ ನೋಡುತ್ತಾರೆ. ಇಷ್ಟೇ. ಇದಕ್ಕೆ ಭವಿಷ್ಯ ಅಂತ ಹೆಸರು.

ಅಲ್ಲಿಯವರೆಗೂ ತಮಾಷೆಯಾಗಿಯೇ ಇತ್ತು. ಆಮೇಲೆ ಅದೇ ಅಜ್ಜಿಯನ್ನು ತನ್ನ ಅಕ್ಕನ ಫೋನಿನಲ್ಲಿ ನೋಡಿದ.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಭಾವ ಪಂಪು ರಿಪೇರಿ ಮಾಡುತ್ತಿದ್ದರು. ಬಾವಿಗೆ ಇಳಿದು ಮೋಟಾರು, ಪೈಪು ಸರಿಮಾಡುವ ಕೆಲಸ. ಗಂಡ ಹೆಂಡತಿ ಇಬ್ಬರೂ ಜೊತೆಗೇ ಹೋಗುತ್ತಿದ್ದರು. ಭಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗೆ, ಅಕ್ಕ ಹಗ್ಗ ಹಿಡಿದುಕೊಂಡು ಮೇಲೆ. ಹೆಂಗಸಿನ ಕೈಯಲ್ಲಿ ಹಗ್ಗ ಕೊಡುತ್ತೀರಲ್ಲ ಅಂತ ಜನ ಆಡಿಕೊಂಡರೆ, "ನನ್ನ ಜೀವ ಇನ್ಯಾರ ಕೈಗೆ ಕೊಡಲಿ?" ಅನ್ನುತ್ತಿದ್ದರು ಭಾವ. ಒಂದು ದಿನ ಅಕ್ಕ ನಮ್ಮ ಅತ್ತೆಯನ್ನು ನೋಡಿ ಬರಲು ಹೋಗಿದ್ದಳು. ಅದೇ ದಿನ ಪಕ್ಕದ ಬೀದಿಯಿಂದ ಕರೆ ಬಂತು. ಸಣ್ಣ ಕೆಲಸ ಅಂತ ಭಾವ ದಾರಿಯಲ್ಲಿ ಸಿಕ್ಕ ಯಾರೋ ಒಬ್ಬನ ಕೈಗೆ ಹಗ್ಗ ಕೊಟ್ಟು ಇಳಿದರು. ಬಾವಿಯ ತಳದಲ್ಲಿ ಕೆಟ್ಟ ಗಾಳಿ ತುಂಬಿತ್ತು. ಆ ಮನುಷ್ಯ ಆಮೇಲೆ ಅತ್ತುಕೊಂಡು ಹೇಳಿದ, "ಸ್ಪ್ಯಾನರಿನಲ್ಲಿ ಪೈಪು ಕುಟ್ಟೋ ಸದ್ದು ಕೇಳ್ತಾನೇ ಇತ್ತು. ಕೆಲಸ ಮಾಡ್ತಾ ಇದ್ದಾರೆ ಅಂದ್ಕೊಂಡೆ..."

ಮೇಲೆ ಎಳೆದಾಗ ಭಾವನ ಜೀವ ಹೋಗಿತ್ತು. ಬಲಗೈಯಲ್ಲಿ ಚರ್ಮದ ಗ್ಲೌಸು ಇತ್ತು. ಎಡಗೈಯದು ಬಾವಿಯಲ್ಲೇ ಉಳಿಯಿತು. ಹುಡುಕಿದರೂ ಸಿಗಲಿಲ್ಲ. ಅಕ್ಕ ಆ ಒಂದೇ ಗ್ಲೌಸನ್ನು ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದಳು. ಹಾಕಿಕೊಂಡು ಹಾಕಿಕೊಂಡು ಅದು ಅವರ ಕೈಯ ಆಕಾರಕ್ಕೇ ಬಂದಿತ್ತು. ಬೆರಳುಗಳು ಅರ್ಧ ಮಡಚಿ, ಏನನ್ನೋ ಹಿಡಿದುಕೊಂಡಂತೆ. ಬಾವಿಯವರು ಪಂಪು, ಪೈಪು ಎಲ್ಲ ಕಿತ್ತು, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದರು.

ಆಮೇಲೆ ಅಕ್ಕ ಮನೆಯಿಂದ ಹೊರಗೆ ಕಾಲಿಡಬೇಕಾದರೆ ಫೋನಿನ ಅಜ್ಜಿಯನ್ನು ಕೇಳುವುದಕ್ಕೆ ಶುರುಮಾಡಿದಳು. ನಾಳೆ ಅಂಗಡಿಗೆ ಹೋಗಲಾ? ನಾಳೆ ಬಸ್ಸು ಹತ್ತಲಾ? ಪಾಪ ಅಂತ ಎಲ್ಲರೂ ಸುಮ್ಮನಿದ್ದೆವು. ಅಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ನಿಗೆ ಡಾಕ್ಟರು ದಿನ ಕೊಟ್ಟರು. ಹೋಗಲಿಲ್ಲ. ಇನ್ನೊಂದು ದಿನ ಕೊಟ್ಟರು. ಆಗಲೂ ಇಲ್ಲ. ಮೂರನೆಯ ಸಲ ಡಾಕ್ಟರು ಒಂಟಿಸ್ಟಾರನ್ನು ಕರೆದು, "ಇನ್ನೂ ತಡ ಮಾಡಿದ್ರೆ ಗಡ್ಡೆ ಒಡೆಯುತ್ತೆ. ಆಮೇಲೆ ಯಾರೇನೂ ಮಾಡೋಕಾಗಲ್ಲ," ಅಂದರು. ಆ ದಿನವೂ ಹತ್ತಿರ ಬಂತು. ನಾಳೆ ಬೆಳಿಗ್ಗೆ ಆಪರೇಷನ್ನು ಅನ್ನುವಾಗ ಅಜ್ಜಿ ಗಂಟಲು ಸರಿಮಾಡಿಕೊಂಡು, "ನಾಳೆ ಬೇಡ ಮಗಳೇ," ಅಂದಿದ್ದಳು.

ಅವನು ಆಫೀಸಿನಿಂದ ನೇರವಾಗಿ ಅಕ್ಕನ ಮನೆಗೆ ಹೋದ. ಒಳಗೆ ಬಂದವನೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಅಕ್ಕಾ, ನೋಡಿಲ್ಲಿ." ಬೂಟಿನ ತಳದ ಫೋಟೋ ತೆಗೆದ. ಅಜ್ಜಿ ಕೆಮ್ಮಿ, ಬೂಟಿಗೆ ಮದುವೆ ಯೋಗ ಹೇಳಿದಳು.

ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದು. "ನಿನ್ನ ಬೂಟಿಗೇ ಬಂತು. ನಿನಗ್ಯಾವಾಗ ಬರುತ್ತೋ?"

"ನಗು, ನಗು. ಬೆಳಿಗ್ಗೆ ಹೊರಡೋಣ. ಆಟೋಗೆ ಹೇಳಿದ್ದೀನಿ."

"ನಾಳೆ ಬೇಡ ಅಂದಿದ್ದಾಳಲ್ಲ."

"ಯಾರು?"

"ಅಜ್ಜಿ."

"ಅಜ್ಜಿ ಅಂತ ಯಾರೂ ಇಲ್ಲ ಕಣೇ! ಬೂಟಿಗೆ ಮದುವೆ ಮಾಡಿಸೋಳ ಮಾತು ಕೇಳ್ಕೊಂಡು ಸಾಯ್ತೀಯಾ?"

ಅಕ್ಕ ಸೆರಗಿನ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಳು. ಅವನಿಗೆ ರೇಗಿಹೋಯಿತು. ಸಿಟ್ಟು ಬಂದರೆ ಹಿಂದುಮುಂದು ನೋಡುವ ಜಾತಿಯಲ್ಲ ಅವನು. ಬಾಗಿಲ ಹಿಂದಿನ ಗ್ಲೌಸು ಕಣ್ಣಿಗೆ ಬಿತ್ತು. ಮೊಳೆಯಿಂದ ತೆಗೆದ, ಅದರ ಅಂಗೈಯನ್ನು ಕ್ಯಾಮೆರಾಕ್ಕೆ ಹಿಡಿದ. "ಬೇಡ ಕಣೋ," ಅಂತ ಅಕ್ಕ ಏಳುವಷ್ಟರಲ್ಲಿ ಕ್ಲಿಕ್ ಅಂತ ಆಗಿಹೋಗಿತ್ತು. ಕೂದಲೆಣ್ಣೆಯ ಜಾಹೀರಾತು ಬಂತು. ಇಬ್ಬರೂ ನಿಂತುಕೊಂಡು ಅದನ್ನು ಪೂರ್ತಿ ನೋಡಿದರು. ಎಂಥ ಗತಿ ನೋಡಿ.

ಕ್ಹು... ಕ್ಹು... "ಇದು ದೀರ್ಘಾಯುಷ್ಯದ ಕೈ. ನೀರಿನಿಂದ ಲಾಭವಿದೆ."

ಅಜ್ಜಿಯ ಮಾನ ಕಳೆಯಲು ಹೋದವನು ತಾನೇ ತಲೆ ತಗ್ಗಿಸಿ ನಿಂತ. ಅಕ್ಕ ಅವನ ಕೈಯಿಂದ ಗ್ಲೌಸು ಕಿತ್ತುಕೊಂಡಳು.

"ಸುಳ್ಳು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?" ಅವಳ ಧ್ವನಿ ಮೇಲೇಳಲೇ ಇಲ್ಲ. "ಅವತ್ತು ನಾನು ಮನೆ ಬಿಟ್ಟು ಹೊರಡೋವಾಗ ಒಬ್ಬರೂ ಬೇಡ ಅನ್ನಲಿಲ್ಲ ಕಣೋ. ಒಬ್ಬರೂ. ಇದು ದಿನಾ ಬೇಡ ಅನ್ನುತ್ತೆ. ನನಗಷ್ಟು ಸಾಕು."

"ಅಕ್ಕಾ..."

"ಹೋಗು. ನಾಳೆ ನಾನು ಎಲ್ಲಿಗೂ ಬರಲ್ಲ."

ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದ. ಮೆಟ್ಟಿಲ ಮೇಲೆ ಕೂತು ಹಾಕಿಕೊಂಡ. ಅಷ್ಟು ಹೊತ್ತಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ದೀಪದ ಕಂಬ ಝೀ... ಅಂತ ಗುಂಯ್ಗುಡುತ್ತಿತ್ತು. ಅವನ ಬೂಟು ಜಲ್ಲಿಯ ಮೇಲೆ ಕರಕ್... ಕರಕ್... ಅನ್ನುತ್ತಿತ್ತು. ಬಸ್ಸಿನ ನಿಲ್ದಾಣಕ್ಕೆ ಹೋಗಬೇಕಾದರೆ ಆ ಬಾವಿಯ ಪಕ್ಕದಲ್ಲೇ ಹೋಗಬೇಕು. ಬೇರೆ ದಾರಿ ಇಲ್ಲ.

ಅಲ್ಲೇ ಅಜ್ಜಿ ಕೆಮ್ಮಿದ್ದು.

ಕ್ಹು... ಕ್ಹು... "ಮಗಾ, ನಾಳೆಯ ವಿಷಯ ನೀನು ಕೇಳಲೇ ಇಲ್ಲವಲ್ಲ?"

ಇದೂ ದೆವ್ವವಲ್ಲ. ಸ್ವಲ್ಪ ಹೊತ್ತು ತೆರೆಯದಿದ್ದರೆ ಆ ಆ್ಯಪು ತಾನಾಗಿಯೇ ಕರೆಯುತ್ತದೆ. ನೋಟಿಫಿಕೇಶನ್ನು. ದೆವ್ವಕ್ಕಾದರೂ ಸ್ವಲ್ಪ ಮರ್ಯಾದೆ ಇರುತ್ತದೆ, ಕರೆದವರ ಮನೆಗೆ ಹೋಗುತ್ತದೆ. ಈ ಆ್ಯಪುಗಳಿಗೆ ಅದೂ ಇಲ್ಲ. "ಥೂ ನಿನ್ನ," ಅಂದುಕೊಂಡು ಅವನು ಫೋನು ಹೊರಗೆ ತೆಗೆದ.

ಟಣ್...

ನಿಂತ.

ಟಣ್‌ಟಣ್.

ಬಾವಿಯ ಒಳಗಿನಿಂದ.

ಜಾಲರಿ ಗಾಳಿಗೆ ಅಲುಗಿರಬೇಕು ಅಂದುಕೊಂಡ. ಕಾಲಿನಿಂದ ಅದನ್ನು ಒದ್ದು ನೋಡಿದ. ಝಲ್ ಅಂತು, ತೆಳ್ಳಗೆ. ಅವನು ಕೇಳಿದ್ದು ಅದಲ್ಲ. ದಪ್ಪ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಕೊಳವೆಯೊಳಗೆ ಅರ್ಧ ನೀರು ನಿಂತಿದ್ದರೆ ಕೊನೆಯಲ್ಲಿ ಒಂದು ಗುಂಯ್ ಉಳಿಯುತ್ತದಲ್ಲ... ಆ ಗುಂಯ್ ಸಹ ಕೇಳಿತಂತೆ.

ಬೇರೆ ಯಾರಾಗಿದ್ದರೂ ಓಡಿಹೋಗುತ್ತಿದ್ದರು. ಇವನು ಪರೀಕ್ಷೆ ಮಾಡುವವನು. ಒಂದು ಸಲ ಆದದ್ದನ್ನು ನಂಬುವವನಲ್ಲ, ಏನೇ ಆದರೂ ಮತ್ತೊಮ್ಮೆ ಮಾಡಿ ನೋಡುವವನು. ಫೋನನ್ನು ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟಿದ.

"ನಾಳೆ ಆಪರೇಷನ್ನಿಗೆ ಹೋಗಬಹುದಾ?"

ಕ್ಹು... ಕ್ಹು... "ನಾಳೆ ಬೇಡ—"

ಟಣ್... ಟಣ್‌ಟಣ್.

ಜೋರಾಗಿ. ಕಾಲ ಕೆಳಗಿನ ಕಲ್ಲು ಅದುರುವಷ್ಟು ಜೋರಾಗಿ.

ಮತ್ತೆ ಕೇಳಿದ. "ನಾಳೆ ಹೋಗಬಹುದಾ?"

"ನಾಳೆ ಬೇ—"

ಟಣ್... ಟಣ್‌ಟಣ್!

ಅಜ್ಜಿ ಬಾಯಿ ತೆರೆದುಕೊಂಡೇ ನಿಂತುಬಿಟ್ಟಳು. ತೆರೆ ಹಾಗೇ ಹಿಡಿದುಕೊಂಡಿತು. ಇದನ್ನು ನಾನು ಪವಾಡ ಅನ್ನುವುದಿಲ್ಲ, ಆ ದರಿದ್ರ ಆ್ಯಪು ಹಗಲು ಹೊತ್ತಿನಲ್ಲೂ ಹೀಗೆ ನಿಂತುಹೋಗುತ್ತದೆ ಅಂತ ಅವನೇ ಹೇಳಿದ್ದಾನೆ. ಅವನು ಟಾರ್ಚು ಹಾಕಿ ಜಾಲರಿಯ ಸಂದಿಯಿಂದ ಕೆಳಗೆ ಬೆಳಕು ಬಿಟ್ಟ. ಗೋಡೆ ಕಾಣಿಸಿತು. ಪೈಪನ್ನು ಹಿಡಿದಿದ್ದ ಕೊಕ್ಕೆಗಳ ಜಾಗದಲ್ಲಿ ತುಕ್ಕಿನ ಕಲೆ ಮಾತ್ರ. ಪೈಪಿಲ್ಲ. ಬಡಿಯಲು ಅಲ್ಲಿ ಏನೂ ಇಲ್ಲ. ನೀರು ಮಾತ್ರ ಉಂಗುರ ಉಂಗುರವಾಗಿ ಅಲುಗುತ್ತಿತ್ತು.

"...ಭಾವಾ?"

ಜಾಲರಿಗೆ ಕಿವಿ ಹಚ್ಚಿದ.

ಆಮೇಲೆ... ಟಣ್... ಟಣ್‌ಟಣ್. ಈ ಸಲ ಮೆಲ್ಲಗೆ. ಮತ್ತೊಮ್ಮೆ. ಇನ್ನೂ ಮೆಲ್ಲಗೆ. ಹೊಡೆಯುವವನ ಕೈ ಸೋಲುತ್ತಾ ಬಂದ ಹಾಗೆ. ಕೊನೆಯದು ಕೇಳಿಸಿತೋ ಇಲ್ಲವೋ ಅನ್ನುವಂತೆ ಇತ್ತಂತೆ. ಆಗ ಅವನು ಓಡಿದ. ಬಸ್ಸಿನ ಕಡೆಗಲ್ಲ, ವಾಪಸು ಅಕ್ಕನ ಮನೆಯ ಕಡೆಗೆ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ.

ಅಕ್ಕ ಮಲಗಿರಲಿಲ್ಲ. ಗ್ಲೌಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಏನಾಯ್ತೋ? ಯಾರಾದ್ರೂ ಅಟ್ಟಿಸಿಕೊಂಡು ಬಂದ್ರಾ?"

ಅವನು ಬೆರಳ ಗೆಣ್ಣಿನಿಂದ ಬಾಗಿಲಿಗೆ ಬಡಿದು ತೋರಿಸಿದ. ಟಕ್... ಟಕ್‌ಟಕ್.

ಅಕ್ಕ ಎದ್ದು ನಿಂತಳು.

"ಇನ್ನೊಂದು ಸಲ ಹೊಡಿ."

ಟಕ್... ಟಕ್‌ಟಕ್.

"ಯಾರು ಹೇಳಿಕೊಟ್ರು ಇದನ್ನ?"

"ಬಾವಿ... ಬಾವಿಯಿಂದ ಕೇಳಿಸ್ತು. ನಾಳೆ ಬೇಡ ಅಂತ ಅಜ್ಜಿ ಅಂದಾಗೆಲ್ಲ..."

ಅಕ್ಕ ಗೋಡೆ ಹಿಡಿದುಕೊಂಡಳು. ಪಿಸುಮಾತಿನಲ್ಲೇ ಹೇಳಿದಳು.

"ಕೆಳಗಿಂದ ಕೂಗಿದ್ರೆ ಮೇಲೆ ಸರಿಯಾಗಿ ಕೇಳಿಸಲ್ಲ. ಅದಕ್ಕೇ ನಾವಿಬ್ಬರೂ ಒಂದು ಲೆಕ್ಕ ಇಟ್ಕೊಂಡಿದ್ವಿ. ಪೈಪಿಗೆ ಒಂದೇ ಏಟು ಹೊಡೆದ್ರೆ ಹಗ್ಗ ಸಡಿಲ ಬಿಡು ಅಂತ. ಸಮವಾಗಿ ಎರಡು ಹೊಡೆದ್ರೆ ನಿಲ್ಲಿಸು ಅಂತ. ಒಂದು ಹೊಡೆದು, ಬಿಟ್ಟು, ಜೋಡಿ ಹೊಡೆದ್ರೆ..."

"ಹೊಡೆದ್ರೆ?"

"ಮೇಲಕ್ಕೆ ಎಳಿ. ಏನೂ ಕೇಳಬೇಡ, ತಡ ಮಾಡಬೇಡ, ಈಗಲೇ ಎಳಿ."

ಇದು ಅವರಿಬ್ಬರ ನಡುವಿನ ಮಾತು. ಮೂರನೆಯವರಿಗೆ ಹೇಳಿರಲಿಲ್ಲ, ಹೇಳುವ ಪ್ರಸಂಗವೂ ಬಂದಿರಲಿಲ್ಲ. ಆ ದಿನ ಹಗ್ಗ ಹಿಡಿದು ನಿಂತವನು ಇದನ್ನೇ ಕೇಳಿಸಿಕೊಂಡಿದ್ದ. ಎಷ್ಟು ಸಲ ಕೇಳಿಸಿಕೊಂಡನೋ. ಕೆಲಸ ನಡೆಯುತ್ತಿದೆ ಅಂದುಕೊಂಡು ನಿಂತೇ ಇದ್ದ.

ಒಂಟಿಸ್ಟಾರಿಗೆ ಅಳು ಬಂತು. "ಹಾಗಾದ್ರೆ ಇನ್ನೂ ಎಳಿ ಅಂತ ಕರೀತಿದ್ದಾರಾ ಅಕ್ಕ? ಅವರನ್ನ?"

"ಅವರನ್ನಲ್ಲ ಕಣೋ." ಅಕ್ಕ ಕಣ್ಣೊರೆಸಿಕೊಂಡಳು. "ನನ್ನನ್ನ ಎಳಿ ಅಂತ ನಿನಗೆ ಹೇಳ್ತಿದ್ದಾರೆ."

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನಿಗೆ ಮತ್ತೆ ಜೀವ ಬಂತು. ಕ್ಹು... ಕ್ಹು... ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋದಳು. ತುಂಬಿದ ಬಕೆಟ್ಟಿತ್ತು. ಗುಳುಂ.

"ನೀರಿನಿಂದ ಲಾಭ ಅಂದಿದ್ದಳಲ್ಲ," ಅಂದಳು. "ತಗೊಳ್ಳಲಿ."

ಬೆಳಿಗ್ಗೆ ಆಟೋ ಬಂತು. ಅಕ್ಕ ಗ್ಲೌಸನ್ನು ಅದರ ಮೊಳೆಗೆ ನೇತುಹಾಕಿ, ಬೀಗ ಹಾಕಿ, ಬೀಗದ ಕೈಯನ್ನು ತಮ್ಮನ ಕೈಗೆ ಕೊಟ್ಟಳು. ಅವನು ನೋಡಿದ್ದಾನೆ. ಮೊಳೆಯಲ್ಲಿದ್ದದ್ದು ಒಂದೇ ಗ್ಲೌಸು, ಬಲಗೈಯದು. ಆಪರೇಷನ್ನು ಆಯಿತು, ಗಡ್ಡೆ ಒಡೆಯುವ ಮೊದಲೇ ತೆಗೆದರು. ಅಕ್ಕ ಬದುಕಿಕೊಂಡಳು.

ಅವನು ಆಫೀಸಿಗೆ ಬರೆದುಕೊಟ್ಟದ್ದು ಇಷ್ಟೇ: ಈ ಆ್ಯಪು ಮನುಷ್ಯರಿಗಿಂತ ಬೂಟಿಗೆ ಚೆನ್ನಾಗಿ ಭವಿಷ್ಯ ಹೇಳುತ್ತದೆ, ನಿಮಗೆ ಕಾಲಿದ್ದರೆ ಎದ್ದು ಹೋಗಬೇಕಾದ ಕಡೆಗೆ ಹೋಗಿ, ಇದನ್ನು ಇಳಿಸಿಕೊಳ್ಳಬೇಡಿ. ಸೊನ್ನೆ ಕೊಡಲು ಅಲ್ಲಿ ಅವಕಾಶ ಇಲ್ಲ ಅಂತ ಒಂದು ಸ್ಟಾರು ಕೊಟ್ಟ, ಅದೂ ಹೊಟ್ಟೆ ಉರಿದುಕೊಂಡು. ಕೆಳಗೆ ಆ್ಯಪಿನವರು ಉತ್ತರ ಬರೆದರು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಅಜ್ಜಿ ನಿಮ್ಮನ್ನು ನೆನೆಯುತ್ತಿದ್ದಾಳೆ, ನಾಳೆ ಮತ್ತೆ ಕೇಳಿ. ಇವರಿಗೆ ಏನು ಹೇಳುತ್ತೀರಿ?

ಬಾವಿಯ ಸದ್ದನ್ನು ಆಮೇಲೆ ಯಾರೂ ಕೇಳಿಲ್ಲ. ಅವನು ಹೆದರಿ ಏನೋ ಕೇಳಿಸಿಕೊಂಡ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಮಿಕ್ಕಿದ್ದು ನಾನೇ ನೋಡಿದ್ದು. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಚಳಿ ಅಂದಳು, ಅವಳ ಕಂಬಳಿ ತರಲು ನಾನು ಹೋದೆ. ಬೀಗ ಸರಿಯಾಗಿಯೇ ಇತ್ತು. ಇದ್ದದ್ದು ಒಂದೇ ಬೀಗದ ಕೈ, ಅದನ್ನು ಆಸ್ಪತ್ರೆಯಲ್ಲೇ ಒಂಟಿಸ್ಟಾರಿನಿಂದ ಇಸಿದುಕೊಂಡು ಬಂದಿದ್ದೆ. ಅವನು ಅಕ್ಕನ ಪಕ್ಕದಿಂದ ಕದಲಿರಲಿಲ್ಲ. ಬಾಗಿಲು ತೆಗೆದು ಒಳಗೆ ಹೋದೆ, ಕಂಬಳಿ ತೆಗೆದುಕೊಂಡೆ, ವಾಪಸು ಬರುವಾಗ ಕಾಲು ಜಾರಿತು. ನೆಲ ಒದ್ದೆ. ಬಾಗಿಲ ಹಿಂದೆ ನೋಡಿದೆ.

ಮೊಳೆಯಲ್ಲಿ ಎರಡು ಗ್ಲೌಸು ಇದ್ದವು. ಬಲಗೈಯದು ಒಣಗಿ ಬಿರುಸಾಗಿತ್ತು. ಎಡಗೈಯದರ ಬೆರಳ ತುದಿಯಿಂದ ನೀರು ಬೀಳುತ್ತಿತ್ತು... ತಟ್... ತಟ್...

ಅಡಿಗೆಮನೆಯಿಂದ ಬಟ್ಟೆ ತಂದು ನೆಲ ಒರೆಸಿದೆ. ಸುಳ್ಳಲ್ಲ. ಈ ಕೈಯಲ್ಲೇ ಒರೆಸಿದ್ದೇನೆ.